ನನ್ನ ಜೀವ, ನನ್ನ ರಿಸ್ಕ್: ಇದು ನಿಜವಾ?

 

ನಮ್ಮ ಯೂತ್ ಗುಂಪಿನ ಇಬ್ಬರು ತಮ್ಮಂದಿರು ಈ ಚಳಿಗಾಲದಲ್ಲಿ ಉತ್ತರಾಖಂಡದ ಕೇದಾರಕಾಂತಕ್ಕೆ ಟ್ರೆಕ್ ಹೋಗಿದ್ದರು. ಶಿಖರ ಕಣ್ಣೆದುರಿಗೇ ಇತ್ತಂತೆ. ಅಷ್ಟರಲ್ಲಿ ಗಾಳಿ ಜೋರಾಯಿತು. ಗೈಡ್ "ಇಲ್ಲಿಂದ ವಾಪಸ್" ಅಂದುಬಿಟ್ಟರು. ಊರಿಗೆ ಬಂದ ಮೇಲೆ ಒಬ್ಬ ತಮ್ಮ ನನ್ನ ಹತ್ತಿರ ಬಂದು ಕೇಳಿದ: "ಪಾಸ್ಟರ್, ನಾನಂತೂ ರೆಡಿ ಇದ್ದೆ. ನನ್ನ ಜೀವ, ನನ್ನ ರಿಸ್ಕ್. ತಡೆಯೋಕೆ ಅವರು ಯಾರು? ನಂಬಿಕೆ ಇರೋನು ಹಿಂದಕ್ಕೆ ಬರ್ತಾನಾ?"

ನಾನು ತಕ್ಷಣ ಉತ್ತರ ಕೊಡಲಿಲ್ಲ. ಇನ್ನೊಂದು ಬೆಟ್ಟದಲ್ಲಿ ನಡೆದ ಸಂಗತಿ ನೆನಪಿಗೆ ಬಂತು. ಇವತ್ತು ಅದನ್ನೇ ನಿಮ್ಮ ಮುಂದೆ ಇಡ್ತೀನಿ.

ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದಲ್ಲಿ ಮೌಂಟ್ ವಾಷಿಂಗ್ಟನ್ ಅಂತ ಒಂದು ಬೆಟ್ಟ. ಎತ್ತರ 1,917 ಮೀಟರ್. ನಮ್ಮ ಮುಳ್ಳಯ್ಯನಗಿರಿಗಿಂತ ಒಂದು ಚೂರು ಕಡಿಮೆನೇ. ಬೆಳಿಗ್ಗೆ ಹತ್ತಿ ಸಂಜೆಗೆ ಇಳಿದು ಬರಬಹುದು. ಆದರೆ 1934ರ ಏಪ್ರಿಲ್ 12ರಂದು ಅದರ ತುದಿಯಲ್ಲಿ ಗಂಟೆಗೆ 372 ಕಿಲೋಮೀಟರ್ ವೇಗದ ಗಾಳಿ ದಾಖಲಾಯಿತು. ಚಳಿಗಾಲದಲ್ಲಿ ಮರಗಳು ಮುಗಿದ ಮೇಲೆ ಅಲ್ಲಿ ನಿಲ್ಲೋಕೆ ಮರೆಯೇ ಇಲ್ಲ. ಬಿದ್ದ ಹಿಮವನ್ನೇ ಗಾಳಿ ಮತ್ತೆ ಎಬ್ಬಿಸುತ್ತೆ. ನೆಲ ಯಾವುದು, ಆಕಾಶ ಯಾವುದು ಗೊತ್ತಾಗಲ್ಲ, ಎಲ್ಲಾ ಒಂದೇ ಬಿಳುಪು. ಹವಾಮಾನ ಕೆಟ್ಟಿದ್ದರೆ ಇಲ್ಲಿಂದಲೇ ಹಿಂತಿರುಗಿ ಅಂತ ದಾರಿಯಲ್ಲಿ ಬೋರ್ಡನ್ನೇ ಹಾಕಿದ್ದಾರೆ.

1982ರ ಜನವರಿಯಲ್ಲಿ ಹ್ಯೂ ಹರ್ ಅನ್ನೋ 17 ವರ್ಷದ ಹುಡುಗ, 20 ವರ್ಷದ ಗೆಳೆಯನ ಜೊತೆ ಆ ಬೆಟ್ಟಕ್ಕೆ ಹೋದ. ಒಂದು ದಿನದ ಪ್ಲಾನ್. ಹರ್ ಆ ವಯಸ್ಸಿಗೇ ಬಂಡೆ ಹತ್ತೋದರಲ್ಲಿ ಹೆಸರು ಮಾಡಿದ್ದವನು. ಇಬ್ಬರೂ ಮಂಜುಗಟ್ಟಿದ ಕಡಿದಾದ ಕೊರಕಲೊಂದನ್ನು ಹತ್ತಿ ಮುಗಿಸಿದರು. ಅಲ್ಲಿಂದಲೇ ಇಳಿದಿದ್ದರೆ ಮನೆಯಲ್ಲಿ ಹೇಳಿಕೊಳ್ಳುವಂಥ ಒಳ್ಳೆಯ ದಿನ ಆಗಿರುತ್ತಿತ್ತು. ಆದರೆ ಶಿಖರ ಹತ್ತಿರದಲ್ಲೇ ಇತ್ತಲ್ಲ! ಇನ್ನು ಸ್ವಲ್ಪ ಹೋಗೋಣ ಅಂದುಕೊಂಡರು. ಬಿರುಗಾಳಿ ಬಡಿಯಿತು. ಹಿಂತಿರುಗಿದರು, ಆದರೆ ದಿಕ್ಕು ತಪ್ಪಿತ್ತು. ಬಂದ ಕಡೆಗೆ ಇಳಿಯೋ ಬದಲು ಬೆಟ್ಟದ ಇನ್ನೊಂದು ಬದಿಯ ಗ್ರೇಟ್ ಗಲ್ಫ್ ಕಣಿವೆಗೆ ಇಳಿದುಬಿಟ್ಟರು. ಮೂರು ರಾತ್ರಿ ಹಿಮದಲ್ಲೇ ಕಳೆದರು.

ಅವರನ್ನು ಹುಡುಕೋಕೆ ಜನ ಹೊರಟರು. ಅವರಲ್ಲಿ 28 ವರ್ಷದ ಆಲ್ಬರ್ಟ್ ಡೌ ಒಬ್ಬರು. ಸಂಬಳಕ್ಕೆ ಬಂದವರಲ್ಲ, ಸ್ವಯಂಸೇವಕರು. ಆ ಹುಡುಗರ ಪರಿಚಯವೂ ಇರಲಿಲ್ಲ. ಜನವರಿ 25ರಂದು ಹಿಮಕುಸಿತ ಆಯಿತು, ಡೌ ಅದರಲ್ಲಿ ಸಿಕ್ಕಿ ತೀರಿಕೊಂಡರು. ಮರುದಿನ ಹುಡುಗರು ಜೀವಂತವಾಗಿ ಸಿಕ್ಕಿದರು, ಬೆಟ್ಟದ ಇನ್ನೊಂದು ಬದಿಯಲ್ಲಿ. ಹರ್‌ನ ಎರಡೂ ಕಾಲುಗಳನ್ನು ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು.

ಈಗ ತಮ್ಮನ ಪ್ರಶ್ನೆಗೆ ಬರೋಣ. ನನ್ನ ಜೀವ, ನನ್ನ ರಿಸ್ಕ್. ಹೌದಾ?

ನೀವು ಹೇಳಬಹುದು: "ಡೌ ಅವರನ್ನ ಯಾರೂ ಬಲವಂತ ಮಾಡಲಿಲ್ಲ. ಅವರೇ ಹೋದರು." ನಿಜ. "ನನಗೆ ಏನಾದ್ರೂ ಆದ್ರೆ ಯಾರೂ ಹುಡುಕಬೇಡಿ ಅಂತ ಬರೆದಿಟ್ಟು ಹೋಗ್ತೀನಿ" ಅಂತಲೂ ಹೇಳಬಹುದು. ಬರೆದಿಡಿ. ಆದರೂ ಬರ್ತಾರೆ. ಒಬ್ಬ ಮನುಷ್ಯ ಹಿಮದಲ್ಲಿ ಸಾಯ್ತಿದ್ದಾನೆ ಅಂತ ಗೊತ್ತಾದ ಮೇಲೆ ಒಳ್ಳೆಯವರಿಗೆ ಮನೆಯಲ್ಲಿ ಕೂರೋಕೆ ಆಗಲ್ಲ. ನನ್ನ ರಿಸ್ಕ್ ನನ್ನದು ಮಾತ್ರ ಆಗಬೇಕಾದರೆ ಈ ಲೋಕದಲ್ಲಿ ಒಳ್ಳೆಯವರು ಒಬ್ಬರೂ ಇರಬಾರದು. ಅಂಥ ಲೋಕ ನಮಗೆ ಬೇಕಾ, ಪ್ರಿಯರೇ?

ಹಾಗಂತ ಬೆಟ್ಟ ಹತ್ತಬೇಡಿ ಅಂತ ನಾನು ಹೇಳ್ತಿಲ್ಲ. ಡೌ ಕೂಡ ಬೆಟ್ಟ ಹತ್ತುತ್ತಿದ್ದವರೇ. ಬೇರೆಯವರನ್ನು ಉಳಿಸೋಕೆ ಬೇಕಾದ ಅನುಭವ ಅವರಿಗೆ ಬೆಟ್ಟದಿಂದಲೇ ಬಂತು. ಹತ್ತಿ. ಆದರೆ ಲೆಕ್ಕ ಹಾಕುವಾಗ ನಿಮ್ಮೊಬ್ಬರನ್ನೇ ಎಣಿಸಬೇಡಿ. ನಡುರಾತ್ರಿ ಹೆಲ್ಮೆಟ್ ಇಲ್ಲದೆ ಬೈಕ್ ಓಡಿಸುವವನಿಗೂ ಇದೇ ಮಾತು. ಆಸ್ಪತ್ರೆಯ ಬೆಂಚಿನ ಮೇಲೆ ಕೂರೋದು ಅವನ ಅಮ್ಮ.

ನಂಬಿಕೆಯ ಮಾತಿಗೂ ಉತ್ತರ ಹೇಳಬೇಕು. ಯೇಸುವನ್ನು ದೇವಾಲಯದ ತುದಿಯಲ್ಲಿ ನಿಲ್ಲಿಸಿ, ಧುಮುಕು, ದೇವರು ಹಿಡೀತಾನೆ ಅಂತ ಹೇಳಿದವನು ಯಾರು? ನಿಮಗೇ ಗೊತ್ತು. ಯೇಸು ಧುಮುಕಲಿಲ್ಲ. ಅದು ನಂಬಿಕೆಯ ಕೊರತೆಯಾ? ದೇವರನ್ನು ನಂಬೋದು ಬೇರೆ, ಪರೀಕ್ಷೆ ಮಾಡೋದು ಬೇರೆ. ಗಾಳಿ ಎದ್ದಾಗ ಹಿಂತಿರುಗೋದು ಸೋಲಲ್ಲ. ನಾವು ಇನ್ನೂ ಮುಖ ನೋಡದ ಒಬ್ಬರ ಮೇಲೆ ತೋರಿಸುವ ಪ್ರೀತಿ ಅದು.

ಕೊನೆಯದಾಗಿ ಒಂದು ಮಾತು. ಹ್ಯೂ ಹರ್ ಕೊಲೆಗಾರನಾ? ಅಲ್ಲ. ಹದಿನೇಳು ವರ್ಷದ ಹುಡುಗ, ತಪ್ಪು ತೀರ್ಮಾನ ಮಾಡಿದ. ಆದರೆ "ನನಗೂ ಅದಕ್ಕೂ ಸಂಬಂಧ ಇಲ್ಲ" ಅಂತ ಎದ್ದು ಹೋಗೋ ಹಾಗೂ ಇರಲಿಲ್ಲ. ಅವರು ತಮ್ಮ ಕಾಲುಗಳನ್ನು ತಾವೇ ರೂಪಿಸಿಕೊಂಡು ಮತ್ತೆ ಬಂಡೆ ಹತ್ತಿದರು. ಮುಂದೆ ಎಂಐಟಿಯಲ್ಲಿ ಪ್ರೊಫೆಸರ್ ಆಗಿ, ಕಾಲು ಕಳೆದುಕೊಂಡ ಬೇರೆಯವರು ನಡೆಯೋ ಹಾಗೆ ಯಂತ್ರದ ಕಾಲುಗಳನ್ನು ಕಟ್ಟಿದರು. ನಿಮ್ಮಲ್ಲಿ ಕೆಲವರು ಇಂಥದೇ ಭಾರ ಹೊತ್ತು ಕೂತಿದ್ದೀರಿ. ನಿಮ್ಮ ದುಡುಕಿಗೆ ಬೇರೆ ಯಾರೋ ಬೆಲೆ ಕಟ್ಟಿದ್ದಾರೆ. ಮರೆತುಬಿಡಿ ಅಂತ ನಾನು ಹೇಳಲ್ಲ. ಸತ್ತವರ ಸಾಲ ಅವರಿಗೇ ತೀರಿಸೋಕೆ ಆಗಲ್ಲ. ಬದುಕಿರುವವರಿಗೆ ತೀರಿಸಬಹುದು. ಇವತ್ತಿನಿಂದಲೇ ಶುರು ಮಾಡಬಹುದು.

ಆ ತಮ್ಮನಿಗೆ ಇಷ್ಟೇ ಹೇಳಿದೆ: "ನೀನು ಮುಂದೆ ಹೋಗಿದ್ದರೆ ಆ ಗೈಡ್ ನಿನ್ನ ಹಿಂದೆ ಬರಲೇಬೇಕಿತ್ತು. ಅವರ ಮನೆಯಲ್ಲೂ ಕಾಯೋರು ಇದ್ದಾರೆ. ಅವರ ಹೆಸರೇನು?" ಅವನಿಗೆ ಗೊತ್ತಿರಲಿಲ್ಲ. ತಲೆ ತಗ್ಗಿಸಿದ. ಆಮೇಲೆ ಅವನೇ ನಂಬರ್ ಹುಡುಕಿ ಫೋನ್ ಮಾಡಿ ಥ್ಯಾಂಕ್ಸ್ ಹೇಳಿದನಂತೆ.

ನಮಗೋಸ್ಕರ ಹುಡುಕಿ ಬಂದವರು ನಮ್ಮ ಜೀವನದಲ್ಲೂ ಇದ್ದಾರೆ. ಒಂದು ನಿಮಿಷ ಅವರನ್ನು ನೆನೆಸಿಕೊಳ್ಳಿ. ಎದ್ದು ನಿಲ್ಲೋಣ, ಪ್ರಾರ್ಥಿಸೋಣ.