ಜಗುಲಿಯ ಮೇಲಿಟ್ಟ ಹೆಸರು

ಗೊತ್ತಿಲ್ಲದೆ ಆದ ತಪ್ಪಿಗೆ ನಮ್ಮ ಹೊಣೆ ಎಷ್ಟು? ಈ ಪ್ರಶ್ನೆ ನನ್ನನ್ನು ಹಿಡಿದದ್ದು ಯಾವ ಧರ್ಮಗ್ರಂಥದಿಂದಲೂ ಅಲ್ಲ, ಕಂಪ್ಯೂಟರಿನಲ್ಲಿ ಹರಟೆ ಹೊಡೆಯುವ ಒಂದು ತಂತ್ರಾಂಶದಿಂದ.

ಎಂಐಆರ್‌ಸಿ ಎಂಬ ಆ ತಂತ್ರಾಂಶವನ್ನು ಖಾಲಿದ್ ಮರ್ದಮ್-ಬೇ 1995ರಲ್ಲಿ ಹೊರತಂದರು. ಅದರೊಳಗೆ ಪುಟ್ಟದೊಂದು ಸ್ಕ್ರಿಪ್ಟ್ ಭಾಷೆಯಿದೆ. ಏನನ್ನಾದರೂ ನೆನಪಿಡಬೇಕಾದರೆ ಶೇಕಡಾ ಗುರುತು ಹಚ್ಚಿದ ಒಂದು ಹೆಸರಿನಲ್ಲಿ ಇಡಬೇಕು. ‘ವಾರ್’ ಎಂದು ಇಟ್ಟರೆ ಅದು ಕೋಣೆಯೊಳಗಿನ ವಸ್ತು. ಆ ಕೆಲಸ ಮುಗಿದೊಡನೆ ಅಳಿಯುತ್ತದೆ. ‘ಸೆಟ್’ ಎಂದರೆ, ಕೋಣೆಯಲ್ಲಿ ಅದೇ ಹೆಸರಿನದು ಮೊದಲೇ ಇಲ್ಲದಿದ್ದಲ್ಲಿ, ಜಗುಲಿಯ ಮೇಲೆ ಕೂರುತ್ತದೆ. ತಂತ್ರಾಂಶವನ್ನು ಮುಚ್ಚಿ ತೆರೆದರೂ ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ಹೆಸರು ಕರೆದಾಗ ಯಂತ್ರ ಮೊದಲು ಕೋಣೆಯಲ್ಲಿ ಹುಡುಕುತ್ತದೆ, ಸಿಗದಿದ್ದರೆ ಜಗುಲಿಯಲ್ಲಿ. ಅಲ್ಲೂ ಇಲ್ಲವೆಂದರೆ ದೂರುವುದಿಲ್ಲ, ಬರಿಗೈ ತೋರಿಸಿ ಸುಮ್ಮನಾಗುತ್ತದೆ.

ಗೆಳೆಯನೊಬ್ಬ ತನ್ನ ತಾಯಿಯ ಕಾಯಿಲೆಯ ವಿಷಯವನ್ನು ನನಗೊಬ್ಬನಿಗೇ ಹೇಳಿದ್ದ. ವಿಚಾರಿಸಲು ಮರೆಯಬಾರದೆಂದು ನಾನೊಂದು ಸ್ಕ್ರಿಪ್ಟ್ ಬರೆದೆ: ಅವನು ಬಂದೊಡನೆ ಅವನ ಹೆಸರನ್ನು ಜಗುಲಿಯ ಮೇಲಿಡು, ಐದು ನಿಮಿಷದ ನಂತರ ಅದನ್ನೋದಿ ‘ಅಮ್ಮನಿಗೆ ಇವತ್ತು ಹೇಗಿದೆ? ರಿಪೋರ್ಟು ಬಂತೆ?’ ಎಂದು ಕಳಿಸು. ಹೊಸಬರನ್ನು ಸ್ವಾಗತಿಸುವ ನನ್ನ ಇನ್ನೊಂದು ಸ್ಕ್ರಿಪ್ಟೂ ಅದೇ ಗುರುತಿನಲ್ಲಿ ಹೆಸರಿಡುತ್ತಿತ್ತು. ಅಲ್ಲಿ ‘ವಾರ್’ ಬರೆಯುವ ಕಡೆ ‘ಸೆಟ್’ ಬರೆದಿದ್ದೆ. ಒಂದು ಸಂಜೆ ಗೆಳೆಯ ಬಂದ ಮೇಲೆ, ಐದು ನಿಮಿಷ ತುಂಬುವ ಮೊದಲೇ ಅಪರಿಚಿತನೊಬ್ಬ ಬಂದ. ಜಗುಲಿಯ ಮೇಲಿನ ಹೆಸರು ಬದಲಾಯಿತು. ಸಂದೇಶ ಅಪರಿಚಿತನಿಗೆ ಹೋಯಿತು. ಅವನು ಅದನ್ನು ಎಲ್ಲರೆದುರು ಓದಿ, ಇದು ಯಾರಿಗೆ ಎಂದು ಕೇಳಿದ. ನಮ್ಮ ಬಳಗಕ್ಕೆ ಯಾರಿಗೆಂಬುದನ್ನು ಊಹಿಸಲು ಹೊತ್ತು ಬೇಕಾಗಲಿಲ್ಲ.

‘ಬೇಕೆಂದು ಮಾಡಿದ್ದಲ್ಲವೋ’ ಎಂದೆ. ಅವನು, ‘ಅದು ಗೊತ್ತು ಕಣೋ. ಆದರೆ ನನ್ನ ಮಾತನ್ನು ನೀನು ಎಲ್ಲಿಟ್ಟಿದ್ದೆ?’ ಎಂದ.

ನಾನು ಉದ್ದೇಶದ ಲೆಕ್ಕ ಒಪ್ಪಿಸುತ್ತಿದ್ದೆ. ಅವನು ಕೇಳಿದ್ದು ಜಾಗದ ಲೆಕ್ಕ. ಒಬ್ಬರು ನಂಬಿ ಹೇಳಿದ ಮಾತಿಗೆ ಕೆಟ್ಟ ಮನಸ್ಸಿಲ್ಲದಿದ್ದರೆ ಸಾಲದು, ಅದಕ್ಕೊಂದು ಕೋಣೆಯೂ ಬೇಕು. ಜಗುಲಿಯ ಮೇಲಿಟ್ಟದ್ದನ್ನು ಯಾರು ಬೇಕಾದರೂ ಸರಿಸಬಹುದು ಎಂಬುದು ಯಂತ್ರದ ಗುಟ್ಟೇನಲ್ಲ, ಅದರ ನಿಯಮ. ನನಗೆ ಗೊತ್ತಿದ್ದ ನಿಯಮ. ಹಾಗಿರುವಾಗ ಗೊತ್ತಿಲ್ಲದೆ ಆಯಿತೆಂಬ ಮಾತು ಎಷ್ಟು ನಿಜ? ಮರೆವೂ ಒಂದು ಆಯ್ಕೆಯೇ ಇರಬೇಕು; ವಿಚಾರಿಸುವ ಕೆಲಸವನ್ನೇ ಯಂತ್ರಕ್ಕೆ ಒಪ್ಪಿಸಿದಾಗ ನಾನು ಆ ಆಯ್ಕೆ ಮಾಡಿಯಾಗಿತ್ತು.

ಆ ಸಾಲಿನಲ್ಲಿ ಈಗ ‘ವಾರ್’ ಎಂದು ತಿದ್ದಿದ್ದೇನೆ. ಗೆಳೆಯನ ತಾಯಿಯನ್ನು ಮಾತ್ರ ನಾನೇ ವಿಚಾರಿಸುತ್ತೇನೆ.