ಕುಣಿದು ತೋರಿಸಲಾಗದ್ದು

ಸಿಂಹ ಸೊಪ್ಪು ತಿನ್ನೋದನ್ನು ನೋಡಿದ್ದೀರಾ? ಚೀನೀಯರ ಹೊಸವರ್ಷದ ಸಮಯಕ್ಕೆ ಲಿವರ್‌ಪೂಲಿನ ನೆಲ್ಸನ್ ಸ್ಟ್ರೀಟಿಗೆ ಬಂದರೆ ನೋಡಬಹುದು. ಹೋಟೆಲಿನ ಬಾಗಿಲ ಮೇಲೆ ಒಂದು ಲೆಟ್ಯೂಸ್ ಸೊಪ್ಪನ್ನು ದಾರ ಕಟ್ಟಿ ಇಳಿಬಿಟ್ಟಿರುತ್ತಾರೆ, ಜೊತೆಗೊಂದು ಕೆಂಪು ಲಕೋಟೆಯಲ್ಲಿ ದುಡ್ಡು. ಡೋಲು, ತಾಳದ ಗದ್ದಲದ ನಡುವೆ ಇಬ್ಬರು ಹುಡುಗರು ಒಳಹೊಕ್ಕ ಬಣ್ಣದ ಸಿಂಹ ಬರುತ್ತದೆ. ಮೂಸುತ್ತದೆ, ಹೆದರಿದಂತೆ ಮಾಡಿ ಹಿಂದೆ ಸರಿಯುತ್ತದೆ, ಕಣ್ಣು ಪಿಳುಕಿಸುತ್ತದೆ. ಆಮೇಲೆ ಹಿಂದಿನ ಹುಡುಗ ಮುಂದಿನವನನ್ನು ಎತ್ತಿ ಹಿಡಿದಾಗ ಗಬಕ್ಕನೆ ಸೊಪ್ಪು ಬಾಯಿಗೆ. ಸಿಂಹ ಅದನ್ನು ಹರಿದು ಚೂರು ಮಾಡಿ ಜನರ ಮೇಲೆ ಉಗುಳುತ್ತದೆ. ಎಲೆ ಮೈಮೇಲೆ ಬಿದ್ದವರಿಗೆ ವರ್ಷವಿಡೀ ಒಳ್ಳೆಯದಾಗುತ್ತದಂತೆ. ಲಕೋಟೆಯನ್ನು ಮಾತ್ರ ಉಗುಳುವುದಿಲ್ಲ ಬಿಡಿ, ಅಷ್ಟು ವ್ಯವಹಾರಜ್ಞಾನ ಸಿಂಹಕ್ಕೂ ಇದೆ.

ಆ ವರ್ಷ ನನ್ನ ಮಗಳ ಟೊಪ್ಪಿಗೆಯ ಮೇಲೆ ಒಂದು ಎಲೆ ಬಿತ್ತು. ಅವಳು ಅದನ್ನು ಜೋಪಾನವಾಗಿ ಕೋಟಿನ ಜೇಬಿಗೆ ಹಾಕಿಕೊಂಡಳು.

ಈ ಹಬ್ಬ ನಡೆಯೋದು ಸಾಮಾನ್ಯವಾಗಿ ಹೊಸವರ್ಷದ ದಿನವೇ ಅಲ್ಲ, ಅದರ ಹತ್ತಿರದ ಭಾನುವಾರ. ಬ್ರಿಟನ್ನಿನಲ್ಲಿ ಆ ದಿನಕ್ಕೆ ರಜೆ ಇಲ್ಲವಲ್ಲ. ಇದರಲ್ಲಿ ನನಗೆ ವಿಚಿತ್ರ ಅನ್ನಿಸುವಂಥದ್ದು ಏನೂ ಇಲ್ಲ, ಇಲ್ಲಿ ನಾವೂ ಯುಗಾದಿಯನ್ನು ಹಾಲ್ ಬಾಡಿಗೆಗೆ ಸಿಕ್ಕ ಶನಿವಾರಕ್ಕೆ ಎಳೆದುಕೊಂಡು ಹೋಗಿ ಮಾಡುವವರೇ. ಚಂದ್ರ ಹೇಳಿದ ದಿನ ಒಂದು, ಕೌನ್ಸಿಲ್ ರಸ್ತೆ ಮುಚ್ಚಿಕೊಡುವ ದಿನ ಇನ್ನೊಂದು.

ಬೀದಿಯ ಬಾಯಲ್ಲಿ ಒಂದು ದೊಡ್ಡ ಕಮಾನಿದೆ. 2000ನೇ ಇಸವಿಯಲ್ಲಿ ಶಾಂಘೈನ ಕುಶಲಕರ್ಮಿಗಳು ಬಂದು ನಿಲ್ಲಿಸಿದ್ದು. ಹದಿಮೂರೂವರೆ ಮೀಟರ್ ಎತ್ತರ, ಕೆಂಪು, ಹಸಿರು, ಚಿನ್ನದ ಬಣ್ಣ, ಮೈತುಂಬ ಡ್ರ್ಯಾಗನ್‌ಗಳು. ಅದರ ಕೆಳಗೆ ಫೋಟೋ ತೆಗೆಸಿಕೊಳ್ಳದೆ ಯಾರೂ ಮುಂದೆ ಹೋಗುವುದಿಲ್ಲ. ನಾವೂ ತೆಗೆಸಿಕೊಂಡೆವು. ಶಾಂಘೈ ಮತ್ತು ಲಿವರ್‌ಪೂಲ್ ಸೋದರ ನಗರಗಳು ಎಂದು ಇಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಆದರೆ ಶಾಂಘೈಗೂ ಈ ಊರಿಗೂ ಇರುವ ಇನ್ನೊಂದು ಸಂಬಂಧ ಹಬ್ಬಕ್ಕೆ ಹೋಗಿಬಂದ ಎಷ್ಟೋ ದಿನಗಳವರೆಗೆ ನನಗೆ ಗೊತ್ತಿರಲಿಲ್ಲ.

ಲಿವರ್‌ಪೂಲಿಗೆ ಚೀನೀಯರು ಬಂದದ್ದು ಹಡಗಿನ ಕೆಲಸಕ್ಕೆ. ಆಲ್ಫ್ರೆಡ್ ಹೋಲ್ಟ್ ಎಂಬುವರ ಬ್ಲೂ ಫನೆಲ್ ಕಂಪನಿ 1860ರ ದಶಕದಲ್ಲಿ ಚೀನಾಕ್ಕೆ ಉಗಿಹಡಗು ಶುರುಮಾಡಿತು. ಎಂಜಿನ್ ಕೋಣೆಯ ಬೆಂಕಿಯ ಮುಂದೆ ನಿಂತು ಕಲ್ಲಿದ್ದಲು ಹಾಕಲು ಕಡಿಮೆ ಸಂಬಳದ ಆಳು ಬೇಕಿತ್ತು. ಎರಡನೇ ಮಹಾಯುದ್ಧದ ಹೊತ್ತಿಗೆ ಸಾವಿರಾರು ಚೀನೀ ನಾವಿಕರು, ಅದರಲ್ಲೂ ಶಾಂಘೈ ಕಡೆಯವರು, ಲಿವರ್‌ಪೂಲನ್ನೇ ನೆಲೆ ಮಾಡಿಕೊಂಡು ಬ್ರಿಟನ್ನಿಗೆ ಆಹಾರ, ಎಣ್ಣೆ ತರುವ ಹಡಗುಗಳಲ್ಲಿ ದುಡಿದರು. ಜರ್ಮನಿಯ ಜಲಾಂತರ್ಗಾಮಿಗಳು ಹಡಗು ಮುಳುಗಿಸುವಾಗ ಬಿಳಿಯ, ಚೀನೀ ಅಂತ ನೋಡುತ್ತಿರಲಿಲ್ಲ. ಸಂಬಳ ಕೊಡುವಾಗ ಮಾತ್ರ ನೋಡುತ್ತಿದ್ದರು. ಬ್ರಿಟಿಷ್ ನಾವಿಕನಿಗೆ ತಿಂಗಳಿಗೆ ಹತ್ತು ಪೌಂಡ್ ಯುದ್ಧಭತ್ಯೆ, ಚೀನೀಯನಿಗೆ ಅದಿಲ್ಲ. 1942ರಲ್ಲಿ ಅವರು ಮುಷ್ಕರ ಹೂಡಿ ಒಂದಿಷ್ಟು ಪಡೆದುಕೊಂಡರು. ಆಗಲೇ ಅವರ ಮೇಲೆ ಕಣ್ಣುಬಿತ್ತು.

ಯುದ್ಧ ಮುಗಿಯಿತು. 1945ರ ಅಕ್ಟೋಬರ್ 19ರಂದು ಲಂಡನ್ನಿನ ಗೃಹಖಾತೆಯಲ್ಲಿ ಒಂದು ಸಭೆ ನಡೆಯಿತು. ಅಲ್ಲಿಂದ ಹುಟ್ಟಿದ ಕಡತದ ಹೆಸರಿನಲ್ಲೇ 'ಅನಪೇಕ್ಷಿತ ಚೀನೀ ನಾವಿಕರ ಕಡ್ಡಾಯ ವಾಪಸಾತಿ' ಎಂಬ ಅರ್ಥವಿದೆ. ಮುಂದಿನ ತಿಂಗಳುಗಳಲ್ಲಿ ಪೊಲೀಸರು ನಾವಿಕರ ವಸತಿಗೃಹಗಳಿಗೆ ನುಗ್ಗಿದರು, ಸಿಕ್ಕವರನ್ನು ಹಡಗು ಹತ್ತಿಸಿದರು. ಸುಮಾರು 2000 ಜನ ಎಂದು ಅಂದಾಜು. ಅವರಲ್ಲಿ ನೂರಾರು ಮಂದಿಗೆ ಇದೇ ಊರಿನಲ್ಲಿ ಹೆಂಡತಿ ಅಥವಾ ಸಂಗಾತಿ ಇದ್ದರು, ಮಕ್ಕಳಿದ್ದರು. ಹೆಂಡತಿಯರಿಗೆ ಯಾರೂ ಒಂದು ಸಾಲು ಬರೆದು ತಿಳಿಸಲಿಲ್ಲ. ಆಗಿನ ಕಾನೂನಿನಲ್ಲಿ ವಿದೇಶಿಯನನ್ನು ಮದುವೆಯಾದ ಹೆಂಗಸು ತನ್ನ ಬ್ರಿಟಿಷ್ ಪೌರತ್ವವನ್ನೇ ಕಳೆದುಕೊಳ್ಳುತ್ತಿದ್ದಳು, ಹಾಗಾಗಿ ಅವಳು ಹೋಗಿ ಕೇಳಲಿಕ್ಕೂ ಬಾಗಿಲಿರಲಿಲ್ಲ. ಗಂಡ ಕೈಕೊಟ್ಟು ಹೋದ ಅಂದುಕೊಂಡವರು ಎಷ್ಟೋ ಜನ, ಹಾಗೆಂದುಕೊಂಡೇ ತೀರಿಹೋದರು. ಮಕ್ಕಳು ಅಪ್ಪನನ್ನು ಬಯ್ದುಕೊಂಡೇ ಬೆಳೆದರು. ದಶಕಗಳ ನಂತರ ಕಡತಗಳು ಬೆಳಕಿಗೆ ಬಂದಾಗ ಆ ಮಕ್ಕಳಿಗೆ ಅರವತ್ತು ಹತ್ತಿರವಾಗಿತ್ತು. ಅಪ್ಪ ಬಿಟ್ಟುಹೋಗಿರಲಿಲ್ಲ, ಅವನನ್ನು ಹಿಡಿದು ಸಾಗಿಸಿದ್ದರು.

ಇದನ್ನು ಓದಿದ ಮೇಲೆ ಆ ಫೋಟೋ ನನ್ನ ಫೋನಿನಲ್ಲಿ ಚುಚ್ಚತೊಡಗಿತು. ಯಾವ ಊರು ಆ ಗಂಡಸರನ್ನು ರಾತ್ರೋರಾತ್ರಿ ಖಾಲಿ ಮಾಡಿಸಿತೋ ಅದೇ ಊರು ವರ್ಷಕ್ಕೊಮ್ಮೆ ಡೋಲು ಬಾರಿಸಿ 'ನಮ್ಮ ಚೀನೀ ಸಮುದಾಯ' ಎಂದು ಸಂಭ್ರಮಿಸುತ್ತದೆ. ಇದು ಸರಿಯಾ? ಮಾಡಿದ ತಪ್ಪನ್ನು ಆಡದೆ ಮಾಡುವ ಸನ್ಮಾನಕ್ಕೆ ಬೆಲೆ ಎಷ್ಟು?

ಇನ್ನೂ ಒಂದು ಯೋಚನೆ ಕೊರೆಯುತ್ತಿತ್ತು. ಆ ನಾವಿಕರ ಮಕ್ಕಳು ಈ ಹಬ್ಬದಲ್ಲಿ ಎಲ್ಲಿ ನಿಲ್ಲಬೇಕು? ಅವರಿಗೆ ಚೀನೀ ಭಾಷೆ ಬರುವುದಿಲ್ಲ, ಕಲಿಸಬೇಕಾದವನನ್ನೇ ಕಳಿಸಿಬಿಟ್ಟರಲ್ಲ. ಅಮ್ಮ ಮರುಮದುವೆಯಾದ್ದರಿಂದ ಕೆಲವರ ಹೆಸರು ಕೂಡ ಅಪ್ಪನದಲ್ಲ, ಕೆಲವರು ದತ್ತುಹೋದರು. ಯುದ್ಧವಾದ ಮೇಲೆ ಹಾಂಗ್‌ಕಾಂಗ್ ಕಡೆಯಿಂದ ಬಂದು ಹೋಟೆಲು, ಟೇಕ್‌ಅವೇ ಇಟ್ಟವರ ಭಾಷೆ ಕ್ಯಾಂಟನೀಸ್, ಹಕ್ಕಾ. ಇವರ ಅಪ್ಪಂದಿರದು ಶಾಂಘೈನ ನುಡಿ. ಸಿಂಹದ ಕುಣಿತ ಇವರ ಮನೆಯಲ್ಲಿ ಯಾರೂ ಹೇಳಿಕೊಟ್ಟದ್ದಲ್ಲ. ಆದರೂ ಲಿವರ್‌ಪೂಲಿನಲ್ಲಿ ಚೀನೀ ಪರಂಪರೆ ಅಂತ ಒಂದಿದ್ದರೆ ಅದಕ್ಕೆ ಇವರಿಗಿಂತ ಹೆಚ್ಚಿನ ಬೆಲೆ ತೆತ್ತವರು ಯಾರು? ನಾವು 'ಪರಂಪರೆ' ಅನ್ನೋದು ವೇದಿಕೆ ಮೇಲೆ ಕುಣಿದು ತೋರಿಸಬಹುದಾದದ್ದನ್ನು, ತಟ್ಟೆಯಲ್ಲಿ ಹಾಕಿ ಕೊಡಬಹುದಾದದ್ದನ್ನು. ಊಟದ ಮೇಜಿನಲ್ಲಿ ಖಾಲಿ ಉಳಿದ ಕುರ್ಚಿಯೂ ಒಂದು ಪರಂಪರೆಯೇ, ಅದನ್ನು ಕುಣಿಯೋದು ಹೇಗೆ?

ನನಗೂ ಇದರ ಸಣ್ಣ ಅನುಭವ ಇದೆ. ಒಮ್ಮೆ ಆಫೀಸಿನ ಬಹುಸಂಸ್ಕೃತಿ ದಿನಕ್ಕೆ 'ನಿಮ್ಮ ಕಡೆಯದು ಏನಾದರೂ ಬಣ್ಣಬಣ್ಣದ್ದು ತನ್ನಿ' ಅಂದರು. ಸೀರೆ, ಚಕ್ಕುಲಿ, ಫೋನಿನಲ್ಲಿ ಡೊಳ್ಳು ಕುಣಿತದ ವಿಡಿಯೋ ಒಯ್ದೆ. ಎಲ್ಲರೂ ಚಕ್ಕುಲಿ ಹೊಗಳಿದರು. ನನಗೂ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಸಂಜೆ ಬಸ್ಸಿನಲ್ಲಿ ಕೂತಾಗ ಮಾತ್ರ, ಇವರಿಗೆ ಇಷ್ಟವಾಗುವಷ್ಟನ್ನೇ ಆರಿಸಿ ಒಯ್ದೆನಲ್ಲ ಎಂದು ಒಂಥರಾ ಆಯಿತು.

ಇದನ್ನೆಲ್ಲ ನಾನು ನನ್ನ ಜೊತೆ ಕೆಲಸ ಮಾಡುವವಳೊಬ್ಬಳ ಹತ್ತಿರ ಆಡಿದೆ. ಅವಳ ಅಪ್ಪ ಅಮ್ಮ ಹಾಂಗ್‌ಕಾಂಗಿನಿಂದ ಬಂದು ಟೇಕ್‌ಅವೇ ನಡೆಸಿದವರು. ನನ್ನ ನ್ಯಾಯಪ್ರಜ್ಞೆಯನ್ನು ಮೆಚ್ಚಿಕೊಳ್ಳುತ್ತಾಳೆ ಅಂತ ಇತ್ತೇನೋ ನನಗೆ! ಅವಳು ತಣ್ಣಗೆ ಕೇಳಿದಳು: "ದೀಪಾವಳಿಗೆ ಪಟಾಕಿ ಹಚ್ಚೋ ಮೊದಲು ನೀವು ಜಲಿಯನ್‌ವಾಲಾ ಬಾಗ್ ನೆನೆಸಿಕೊಳ್ಳುತ್ತೀರಾ?"

ನಾನು ಸುಮ್ಮನಾದೆ.

ಅವಳು ಬಿಡಲಿಲ್ಲ. ಚಿಕ್ಕವಳಿದ್ದಾಗ ವಾರದ ಆರು ರಾತ್ರಿ ಕೌಂಟರಿನ ಹಿಂದೆ ಕೂತು ಹೋಂವರ್ಕ್ ಮಾಡುತ್ತಿದ್ದಳಂತೆ. ಕುಡಿದು ಬಂದವರು ಕಣ್ಣು ಕಿರಿದು ಮಾಡಿ ಅಣಕಿಸಿದರೂ ಆರ್ಡರ್ ಬರೆದುಕೊಳ್ಳಬೇಕು. ಅಪ್ಪ ಅಂಗಡಿ ಮುಚ್ಚಿ ಎಲ್ಲರನ್ನೂ ಊರು ಸುತ್ತಿಸುತ್ತಿದ್ದದ್ದು ಆ ಒಂದು ಭಾನುವಾರ. "ಅವತ್ತು ಬೀದಿ ನಮ್ಮದು. ಅವತ್ತೂ ನಾವು ಅತ್ತು ತೋರಿಸಬೇಕು ಅಂತೀಯಾ? ಕೌನ್ಸಿಲಿನವರಿಗೆ ಕುಣಿತ ಬೇಕು, ನಿನಗೆ ಕಣ್ಣೀರು ಬೇಕು. ನಮಗೇನು ಬೇಕು ಅಂತ ಕೇಳಿದವರು ಯಾರು?"

ಅವಳ ಮಾತು ನಿಜ. ಸಂತೋಷವನ್ನು ಪ್ರದರ್ಶನಕ್ಕಿಡಿ ಅನ್ನುವುದು ಹೇಗೋ, ನೋವನ್ನು ಪ್ರದರ್ಶನಕ್ಕಿಡಿ ಅನ್ನುವುದೂ ಹಾಗೇ. ಎರಡರಲ್ಲೂ ನೋಡುವವನ ಕುರ್ಚಿ ಬದಲಾಗುವುದಿಲ್ಲ. 'ಬರೀ ತೋರಿಕೆ' ಅಂತ ನಾನು ಮೂಗು ಮುರಿದ ಸಿಂಹದ ಒಳಗೆ ತಿಂಗಳುಗಟ್ಟಲೆ ಅಭ್ಯಾಸ ಮಾಡಿ ಬೆವರುವ ಹುಡುಗರಿದ್ದಾರೆ. ಊರಿನ ಪಗೋಡಾ ಕೇಂದ್ರದಲ್ಲಿ ಚೀನೀ ವಾದ್ಯ ಕಲಿಯುವ ಮಕ್ಕಳೂ ಇದ್ದಾರೆ. ಅವರು ಯಾರಿಗೂ ವಿವರಣೆ ಕೊಡಬೇಕಿಲ್ಲ.

ಆದರೂ ನನ್ನ ಪ್ರಶ್ನೆ ಪೂರ್ತಿ ತಪ್ಪಾಗಿರಲಿಲ್ಲ, ವಿಳಾಸ ತಪ್ಪಿತ್ತು ಅಷ್ಟೆ. ನೆನಪಿಟ್ಟುಕೊಳ್ಳುವ ಹೊಣೆ ಕುಣಿಯುವವರದ್ದಲ್ಲ, ಕರೆದವರದ್ದು. ನೆಲ್ಸನ್ ಸ್ಟ್ರೀಟಿನಲ್ಲಿ ಕಮಾನು ಎದ್ದದ್ದು 2000ದಲ್ಲಿ. ಆ ವಾಪಸಾತಿಯಲ್ಲಿ ಬಲವಂತ ನಡೆದಿತ್ತು, ಜನಾಂಗದ ಪೂರ್ವಗ್ರಹ ಅದರಲ್ಲಿತ್ತು ಎಂದು ಗೃಹಖಾತೆ ತನ್ನ ವರದಿಯೊಂದರಲ್ಲಿ ಒಪ್ಪಿಕೊಂಡದ್ದು 2022ರಲ್ಲಿ, ಅದೂ ಸ್ಥಳೀಯ ಸಂಸದೆ ಕಿಮ್ ಜಾನ್ಸನ್ ಪಾರ್ಲಿಮೆಂಟಿನಲ್ಲಿ ಎದ್ದುನಿಂತು ಕೇಳಿದ ಮೇಲೆ. ಕಲ್ಲು ಮರದ ಕಮಾನಿಗಿಂತ ನಾಲ್ಕು ಸಾಲಿನ ಸತ್ಯಕ್ಕೆ 22 ವರ್ಷ ಹೆಚ್ಚು ಬೇಕಾಯಿತು. ಅಷ್ಟೂ ವರ್ಷ ಯಾರಾದರೂ 'ಈ ಊರು ಚೀನೀಯರನ್ನು ಹೇಗೆ ನಡೆಸಿಕೊಂಡಿದೆ' ಅಂತ ಕೇಳಿದ್ದರೆ ತೋರಿಸಲಿಕ್ಕೆ ಹಬ್ಬದ ಫೋಟೋಗಳು ರಾಶಿ ರಾಶಿ ಇದ್ದವು. ಹಬ್ಬವನ್ನು ಸಾಲ ತೀರಿಸಿದ ರಸೀದಿ ಥರ ಜೇಬಿನಲ್ಲಿ ಇಟ್ಟುಕೊಳ್ಳೋದಕ್ಕೆ ನನ್ನ ತಕರಾರು.

ಹಳೆಯ ಕಥೆ ಅಂತ ತಳ್ಳಿಹಾಕುವ ಹಾಗೂ ಇಲ್ಲ. 2004ರಲ್ಲಿ ಚೀನೀ ಹೊಸವರ್ಷ ಜನವರಿ 22ಕ್ಕೆ ಬಿದ್ದಿತ್ತು. ಅದರ ಹದಿನೈದನೇ ದಿನ ಲಾಂದ್ರದ ಹಬ್ಬ, ಹುಣ್ಣಿಮೆ, ಅಂದರೆ ಫೆಬ್ರವರಿ 5. ಆ ರಾತ್ರಿ ಲಿವರ್‌ಪೂಲಿನ ಉತ್ತರಕ್ಕಿರುವ ಮೊರ್ಕಮ್ ಕೊಲ್ಲಿಯಲ್ಲಿ ಚಿಪ್ಪು ಹೆಕ್ಕುತ್ತಿದ್ದ ಚೀನೀ ಕೂಲಿಗಳನ್ನು ಭರತದ ನೀರು ಸುತ್ತುವರಿಯಿತು. ಕನಿಷ್ಠ 21 ಜನ ಸತ್ತರು. ಇಲ್ಲಿಗೆ ಕಾಗದಪತ್ರವಿಲ್ಲದೆ ಬಂದು, ಲಿವರ್‌ಪೂಲಿನ ಬಾಡಿಗೆ ಮನೆಗಳಲ್ಲಿ ಕಿಕ್ಕಿರಿದು ಬದುಕಿದ್ದವರು ಅವರು. ಊರಿನ ಹಬ್ಬದ ಕರಪತ್ರದ 'ಚೀನೀ ಸಮುದಾಯ' ಎಂಬ ಪದದೊಳಗೆ ಅವರು ಇದ್ದರೋ ಇಲ್ಲವೋ?

ಚೀನೀಯರ ಪಂಚಾಂಗದಲ್ಲಿ ಇನ್ನೊಂದು ದಿನವಿದೆ. ಏಪ್ರಿಲ್ ಮೊದಲ ವಾರದಲ್ಲಿ ಬರುವ ಚಿಂಗ್‌ಮಿಂಗ್. ಹಿರಿಯರ ಸಮಾಧಿಗೆ ಹೋಗಿ, ಕಸ ಗುಡಿಸಿ, ಊದುಬತ್ತಿ ಹಚ್ಚಿ, ತಿನಿಸು ಇಟ್ಟು ಬರುವ ದಿನ. ಅದಕ್ಕೆ ಸಿಂಹ ಬೇಡ, ರಸ್ತೆ ಮುಚ್ಚಬೇಕಿಲ್ಲ, ನೋಡುವವರು ಬೇಡ. ಲಿವರ್‌ಪೂಲಿನ ಆನ್‌ಫೀಲ್ಡ್ ಸ್ಮಶಾನದಲ್ಲಿ ಚೀನೀಯರ ಗೋರಿಗಳಿವೆ. ಆದರೆ 1946ರಲ್ಲಿ ಕಳಿಸಲ್ಪಟ್ಟವರದು ಅಲ್ಲಿ ಇಲ್ಲ. ಅವರು ಎಲ್ಲಿ ಸತ್ತರು, ಯಾವ ದಿನ, ಗೋರಿ ಇದೆಯೋ ಇಲ್ಲವೋ, ಎಷ್ಟೋ ಮಕ್ಕಳಿಗೆ ಇಂದಿಗೂ ಗೊತ್ತಿಲ್ಲ. ನಮ್ಮಲ್ಲಾದರೆ ತೀರಿಕೊಂಡ ತಿಥಿ ಗೊತ್ತಿಲ್ಲದವರಿಗೆ ಮಹಾಲಯ ಅಮಾವಾಸ್ಯೆಯ ದಿನ ಎಡೆ ಇಡುತ್ತಾರೆ. ನನ್ನಜ್ಜಿ ಮೊರದ ತುಂಬ ಇಟ್ಟು, ಹೆಸರು ನೆನಪಿಲ್ಲದವರಿಗೂ ಒಂದು ತುತ್ತು ಅಂತ ಬೇರೆ ತೆಗೆದಿಡುತ್ತಿದ್ದರು.

ಹೋದ ಸಲ ಹಬ್ಬ ಮುಗಿಸಿಕೊಂಡು ಮಗಳನ್ನು ಪಿಯರ್ ಹೆಡ್‌ವರೆಗೆ ನಡೆಸಿಕೊಂಡು ಹೋದೆ. ಮರ್ಸಿ ನದಿಯ ದಂಡೆ, ಹಡಗುಗಳು ಹೊರಡುತ್ತಿದ್ದ ಜಾಗ. 2006ರಲ್ಲಿ ಆ ನಾವಿಕರ ನೆನಪಿಗೆ ಅಲ್ಲೊಂದು ಫಲಕ ಹಾಕಿದ್ದಾರೆ, ಚೀನೀಯಲ್ಲೂ ಇಂಗ್ಲಿಷಿನಲ್ಲೂ. ಗಂಡನಿಗೇನಾಯಿತೆಂದು ತಿಳಿಯದೆ ಉಳಿದ ಹೆಂಗಸರನ್ನು, ಅಪ್ಪನನ್ನು ಕಾಣದ ಮಕ್ಕಳನ್ನು ಅದು ನೆನೆಯುತ್ತದೆ. ಗಾಳಿ ಕಿವಿ ಹರಿಯುವಂತೆ ಬೀಸುತ್ತಿತ್ತು, ಬೀಟಲ್ಸ್ ಪ್ರತಿಮೆಯ ಮುಂದೆ ಜನ ಸಾಲು ನಿಂತಿದ್ದರು, ಇಲ್ಲಿ ನಾವಿಬ್ಬರೇ. ಮಗಳು ನಿಧಾನವಾಗಿ ಓದಿದಳು. ಓದಿ, "ಅವರ ಮನೆಯವರಿಗೆ ಯಾಕೆ ಹೇಳಲಿಲ್ಲ?" ಅಂದಳು. ನನಗೆ ಉತ್ತರ ಹೊಳೆಯಲಿಲ್ಲ. ಅವಳು ಜೇಬಿಗೆ ಕೈಹಾಕಿ, ಈ ವರ್ಷದ ಲೆಟ್ಯೂಸ್ ಎಲೆಯನ್ನು ತೆಗೆದು, ಅದು ಆಗಲೇ ಬಾಡಿತ್ತು, ಎಲ್ಲಿಡೋದು ಅಂತ ಸುತ್ತ ನೋಡಿದಳು. ಆ ಗಾಳಿಗೆ ಎಲ್ಲಿಟ್ಟರೂ ನಿಲ್ಲುವಂತಿರಲಿಲ್ಲ.