ಅದೇ ಹಾಡು, ಹೌದೆ?

ಮೈಸೂರಿನ ಒಂಟಿಕೊಪ್ಪಲು ಎಂಟನೇ ಕ್ರಾಸಿನ ಗಣೇಶೋತ್ಸವಕ್ಕೆ ಕಚೇರಿ ಕೇಳಲೆಂದೇ ಬರುವವರಿದ್ದಾರೆ. ಗಾಯಕರು ಪಲ್ಲವಿ ಎತ್ತಿಕೊಂಡ ಕೂಡಲೇ ಪಕ್ಕದವರತ್ತ ಬಾಗಿ ‘ಇದು ಯಾರ ಕೃತಿ?’ ಎಂದು ಪಿಸುಗುಟ್ಟುವುದು ರಸಿಕರ ಹಳೆಯ ಚಾಳಿ. ಈಗ ಮೊಬೈಲನ್ನೇ ಕೇಳಿಬಿಡಬಹುದು. ಆದರೆ ಹೋಟೆಲಿನಲ್ಲಿ ಕೇಳಿಬರುವ ಸಿನಿಮಾ ಹಾಡಿನ ಹೆಸರನ್ನು ಥಟ್ಟನೆ ಹೇಳುವ ಶಜಾಮ್ ಆ್ಯಪ್, ವೇದಿಕೆಯ ಹಾಡಿನ ಮುಂದೆ ಸಾಮಾನ್ಯವಾಗಿ ಬಾಯಿ ಬಿಡುವುದಿಲ್ಲ.

ಅದರ ವಿಧಾನವನ್ನು, ಅದನ್ನು ರೂಪಿಸಿದವರಲ್ಲೊಬ್ಬರಾದ ಆವರಿ ವಾಂಗ್ 2003ರಲ್ಲಿ ವಿವರಿಸಿದ್ದರು. ನಾದದಲ್ಲಿ ಎದ್ದು ಕಾಣುವ ಬಿಂದುಗಳನ್ನಷ್ಟೇ ಆರಿಸಿ, ಎರಡೆರಡನ್ನು ಜೋಡಿಸಿ, ಅವುಗಳ ಆವರ್ತನವನ್ನೂ ನಡುವಿನ ಕಾಲವನ್ನೂ ಅಂಕಿಯಾಗಿಸಿ ಸಂಗ್ರಹದಲ್ಲಿ ಹುಡುಕುವುದು. ಒಬ್ಬರೇ ಗಾಯಕರು ಒಂದೇ ಹಾಡನ್ನು ಎರಡು ಸಲ ಹಾಡಿದ್ದರೆ, ಮನುಷ್ಯರ ಕಿವಿಗೆ ವ್ಯತ್ಯಾಸ ಸಿಗದಿದ್ದರೂ ಈ ಲೆಕ್ಕಕ್ಕೆ ಸಿಗುತ್ತದೆ. ಅಂದರೆ ಅದು ಗುರುತಿಸುವುದು ಹಾಡನ್ನಲ್ಲ, ಧ್ವನಿಮುದ್ರಣವನ್ನು.

ಹಾಗಾದರೆ ಹಾಡು ಎಲ್ಲಿದೆ?

ಶಬ್ದದ ವಿಷಯದಲ್ಲಿ ಮೀಮಾಂಸಕರು ಇದೇ ಪ್ರಶ್ನೆಯನ್ನು ಎಂದೋ ಎತ್ತಿದ್ದರು. ‘ಗೋ’ ಎಂಬ ಶಬ್ದವನ್ನು ಎಂಟು ಸಲ ಉಚ್ಚರಿಸಿದರೆ ಜನ ‘ಎಂಟು ಸಲ ಅಂದ’ ಎನ್ನುತ್ತಾರೆಯೇ ಹೊರತು ಎಂಟು ಬೇರೆ ಶಬ್ದ ಎನ್ನುವುದಿಲ್ಲ. ಆದ್ದರಿಂದ ಶಬ್ದ ನಿತ್ಯ, ಉಚ್ಚಾರಣೆ ಅದನ್ನು ಪ್ರಕಟಿಸುತ್ತದೆ ಅಷ್ಟೆ ಎಂಬುದು ಅವರ ಭಾಷ್ಯಕಾರ ಶಬರಸ್ವಾಮಿಯ ವಾದ. ಮಹಾರಾಜ ಕಾಲೇಜಿನಲ್ಲಿ ಸಂಸ್ಕೃತ ಕಲಿಸಿದ ಎಂ. ಹಿರಿಯಣ್ಣನವರು 1932ರ ತಮ್ಮ ಭಾರತೀಯ ದರ್ಶನಗಳ ಇಂಗ್ಲಿಷ್ ಗ್ರಂಥದಲ್ಲಿ ಈ ಶಬ್ದನಿತ್ಯತ್ವವನ್ನು ಚರ್ಚಿಸಿದ್ದಾರೆ. ನೈಯಾಯಿಕರು ಒಪ್ಪಲಿಲ್ಲ: ಪ್ರತಿ ಸಲ ಹುಟ್ಟುವುದು ಹೊಸ ಶಬ್ದ, ಒಂದೇ ಆಗಿರುವುದು ಅದರ ಜಾತಿ, ಅಂದರೆ ಅದು ಸೇರಿದ ವರ್ಗ, ಮಾತ್ರ. ಶಜಾಮ್ ನೈಯಾಯಿಕರಿಗಿಂತಲೂ ಕಟ್ಟುನಿಟ್ಟು. ಅದಕ್ಕೆ ಜಾತಿಯೂ ಬೇಡ.

2020ರ ಅಕ್ಟೋಬರಿನಲ್ಲಿ ಗೂಗಲ್ ತಂದ, ಗುನುಗಿದರೆ ಹಾಡು ಹುಡುಕಿಕೊಡುವ ಸೌಲಭ್ಯ ಮಾತ್ರ ಅದ್ವೈತಿಗಳಿಗೆ ಹತ್ತಿರ. ‘ಅವನೇ ಈ ದೇವದತ್ತ’ ಎನ್ನುವಾಗ ಅಂದಿನ ಊರು, ಇಂದಿನ ವೇಷಗಳನ್ನು ಬಿಟ್ಟು ವ್ಯಕ್ತಿಯನ್ನಷ್ಟೇ ಹಿಡಿಯುತ್ತೇವೆ ಎನ್ನುತ್ತಾರೆ ಅವರು. ಗೂಗಲ್ ಕೂಡ ಕಂಠ, ವಾದ್ಯಗಳನ್ನು ಕಳೆದು ಮಟ್ಟನ್ನಷ್ಟೇ ಉಳಿಸಿಕೊಳ್ಳುತ್ತದೆ. ಎಷ್ಟು ಬೇಸುರಾಗಿ ಗುನುಗಿದರೂ ಸಹಿಸುವ ಅದರ ತಾಳ್ಮೆ ಸಂಗೀತದ ಮೇಷ್ಟರುಗಳಿಗೆ ಇರುವುದು ಅಪರೂಪ!

ಆದರೆ ಮಟ್ಟನ್ನೇ ಬದಲಿಸಿದರೆ? ದಾಸರ ಪದಗಳ ಮೂಲ ಮಟ್ಟುಗಳು ಬಹುಪಾಲು ಉಳಿದಿಲ್ಲ. ಒಂದೇ ಪದವನ್ನು ಒಬ್ಬರು ಒಂದು ರಾಗದಲ್ಲಿ, ಮತ್ತೊಬ್ಬರು ಇನ್ನೊಂದರಲ್ಲಿ ಹಾಡುತ್ತಾರೆ. ಕೇಳುಗರು ಗೊಂದಲಪಡುವುದಿಲ್ಲ. ಕೊನೆಯ ನುಡಿಯಲ್ಲಿ ಪುರಂದರವಿಠಲ ಎಂಬ ಅಂಕಿತ ಬಂದರೆ ಸಾಕು. ಆ ಅಂಕಿತದ ರೀತಿಯೂ ವಿಚಿತ್ರ: ರಚಿಸಿದವರ ಹೆಸರು ಕೇಳಿದರೆ ದೇವರ ಹೆಸರು ಹೇಳುತ್ತದೆ. 94 ಕೃತಿಗಳನ್ನು ರಚಿಸಿದ ಜಯಚಾಮರಾಜ ಒಡೆಯರ್ ಕೂಡ ಅರಸನೆಂಬ ಗುರುತನ್ನು ಬದಿಗಿಟ್ಟು, ತಾವು ಉಪಾಸಿಸಿದ ‘ಶ್ರೀವಿದ್ಯಾ’ ಎಂಬುದನ್ನೇ ಮುದ್ರೆಯಾಗಿಸಿಕೊಂಡರು.

ಅದೇ ಒಡೆಯರ ಕೃತಿಯೊಂದನ್ನು ವೀಣೆಯಲ್ಲಿ ನುಡಿಸಿದರೆ ಸಾಹಿತ್ಯವೂ ಇಲ್ಲ, ಅಂಕಿತವೂ ಇಲ್ಲ. ಆಗಲೂ ರಸಿಕರು ‘ಅದೇ ಕೃತಿ’ ಎಂದು ತಲೆದೂಗುತ್ತಾರೆ. ದೇವರನಾಮದಲ್ಲಿ ಮಟ್ಟು ಹೋಗಿ ಮಾತು ಉಳಿಯಿತು. ವೀಣೆಯಲ್ಲಿ ಮಾತು ಹೋಗಿ ಮಟ್ಟು ಉಳಿಯಿತು. ಎರಡರಲ್ಲೂ ಉಳಿದ ಒಂದೇ ವಸ್ತು ಯಾವುದೆಂದು ಮೀಮಾಂಸಕರು ತೋರಿಸಬೇಕಾಗುತ್ತದೆ. ಉಳಿದಂತೆ ಕಾಣುವುದು ಸಾಮ್ಯವೇ ಹೊರತು ಐಕ್ಯವಲ್ಲ ಎಂದು ಕ್ಷಣಿಕವಾದಿ ಬೌದ್ಧರು ಮಧ್ಯೆ ಬಾಯಿ ಹಾಕುವುದು ಇಲ್ಲೇ.